ಚಾಳೀಸು ಮತ್ತು ಸೂಜಿಯ ಕಣ್ಣು

ಮನುಷ್ಯನಿಗೆ ವಯಸ್ಸಾಯಿತೆಂಬ ಸುದ್ದಿ ಬೆಳಗಿನ ಪತ್ರಿಕೆಯಲ್ಲೇ ಬರುತ್ತದೆ. ಯಾವ ಪುಟದಲ್ಲಿ ಎಂದು ಹುಡುಕಬೇಡಿ. ಪತ್ರಿಕೆ ಹಿಡಿದ ಕೈ ದಿನೇ ದಿನೇ ಮುಂದಕ್ಕೆ ಚಾಚುತ್ತಾ ಹೋಗುವುದೇ ಆ ಸುದ್ದಿ. ಕೊನೆಗೊಂದು ದಿನ ಕೈಯ ಉದ್ದ ಸಾಲದಾಗುತ್ತದೆ. ಮನೆಯವರು ‘ಚಾಳೀಸು ಬಂತು’ ಎಂದು ತೀರ್ಪು ಕೊಡುತ್ತಾರೆ. ಮರಾಠಿಯಲ್ಲಿ ಚಾಳೀಸ್ ಎಂದರೆ ನಲವತ್ತು. ಹೆಸರಿನಲ್ಲೇ ವಯಸ್ಸಿರುವುದರಿಂದ ಮುಚ್ಚಿಡಲೂ ದಾರಿಯಿಲ್ಲ ನೋಡಿ.

ಮಲೆಬೆನ್ನೂರಿನಲ್ಲಿ ನಿಂತು, ಹರಿಹರದ ಕಡೆಯಿಂದ ಬರುವ ಬಸ್ಸಿನ ಬೋರ್ಡನ್ನು ನಾನು ಈಗಲೂ ದೂರದಿಂದಲೇ ಓದಬಲ್ಲೆ. ಹತ್ತಿ ಕೂತ ಮೇಲೆ ಕಂಡಕ್ಟರು ಕೈಗಿತ್ತ ಟಿಕೆಟ್ಟನ್ನು ಮಾತ್ರ ಓದಲಾರೆ. ಕಾರಣ ಹತ್ತನೆಯ ತರಗತಿಯ ಪಾಠದಲ್ಲೇ ಇದೆ. ಹತ್ತಿರದ್ದನ್ನು ನೋಡುವಾಗ ಕಣ್ಣಿನ ಮಸೂರ ಉಬ್ಬಿ ದಪ್ಪಗಾಗಬೇಕು. ವಯಸ್ಸಾದಂತೆ ಅದು ಗಡುಸಾಗಿ, ಹೇಳಿದ ಮಾತು ಕೇಳುವುದಿಲ್ಲ. ಹತ್ತು ವರ್ಷದ ಮಗು ಏಳೆಂಟು ಸೆಂಟಿಮೀಟರ್ ದೂರದ ಅಕ್ಷರವನ್ನೂ ಸ್ಪಷ್ಟವಾಗಿ ಕಾಣಬಲ್ಲದು. ಪಾಠದಲ್ಲಿ ನಾವು ಹೇಳುವ ಅಂತರ 25 ಸೆಂಟಿಮೀಟರ್. ಐವತ್ತು ದಾಟಿದವರಿಗೆ ಅದು ಅರ್ಧ ಮೀಟರಿನವರೆಗೂ ಸರಿಯುತ್ತದೆ. ‘25 ಸೆಂ.ಮೀ.’ ಎಂದು ಬೋರ್ಡಿನ ಮೇಲೆ ಬರೆದ ಮೇಷ್ಟ್ರು, ಪುಸ್ತಕವನ್ನು ಅದರ ಎರಡರಷ್ಟು ದೂರ ಹಿಡಿದು ನಿಂತರೆ ಹಿಂದಿನ ಬೆಂಚಿನವರು ನಗುತ್ತಾರೆ. ಪಾಠ ಅರ್ಥವಾಯಿತೆಂದು ನಾನು ಸಮಾಧಾನಪಡುತ್ತೇನೆ.

ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕವನ್ನು ಬೆಂಜಮಿನ್ ಫ್ರಾಂಕ್ಲಿನ್ ಬಳಸುತ್ತಿದ್ದ. 1785ರಲ್ಲಿ, ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅದರ ಸುಖವನ್ನು ಗೆಳೆಯನಿಗೆ ಬರೆದು ತಿಳಿಸಿದ್ದ. ಊಟಕ್ಕೆ ಕೂತಾಗ ತಟ್ಟೆಯೂ ಕಾಣುತ್ತದೆ, ಎದುರಿನವರ ಮುಖವೂ ಕಾಣುತ್ತದೆ. ಮುಖ ಕಂಡರೆ ಅವರಾಡುವ ಫ್ರೆಂಚ್ ಮಾತೂ ಚೆನ್ನಾಗಿ ತಿಳಿಯುತ್ತದೆ ಎಂಬುದು ಅವನ ಅನುಭವ. ನನ್ನ ಅಂಥ ಕನ್ನಡಕಕ್ಕೆ ಮನೆಯಾಕೆ ‘ಹರಿಹರ ಕನ್ನಡಕ’ ಎಂದು ಹೆಸರಿಟ್ಟಿದ್ದಾಳೆ. ಹರಿಹರೇಶ್ವರನ ಒಂದೇ ವಿಗ್ರಹದಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ. ನನ್ನ ಒಂದೇ ಗಾಜಿನಲ್ಲಿ ಮೇಲೆ ದೂರ, ಕೆಳಗೆ ಹತ್ತಿರ.

ಇನ್ನು ನಮ್ಮ ಅವ್ವನ ವಿಷಯ. ಎಂಬತ್ತರ ಹತ್ತಿರ ಬಂದರೂ ಅವಳು ಕೌದಿ ಹೊಲಿಯುವುದು ಬಿಟ್ಟಿಲ್ಲ. ಹೊಲಿಯಲು ಅವಳಿಗೆ ಕಣ್ಣು ಬೇಕಿಲ್ಲ, ಬೆರಳು ಸಾಕು. ಕಣ್ಣು ಬೇಕಾಗುವುದು ಸೂಜಿಗೆ ದಾರ ಪೋಣಿಸಲು. ಆ ಕಣ್ಣನ್ನು ಸಾಲ ಕೊಡುವವಳು ನನ್ನ ತಮ್ಮನ ಮಗಳು, ಐದನೆಯ ತರಗತಿ. ದಿನವೂ ಶಾಲೆಗೆ ಹೊರಡುವ ಮುಂಚೆ ಆರು ಸೂಜಿಗೆ ದಾರ ಹಾಕಿ ಬಟ್ಟೆಗೆ ಚುಚ್ಚಿಟ್ಟು ಹೋಗುತ್ತಾಳೆ. ಸಂಜೆ ಬಡ್ಡಿ ಸಮೇತ ವಸೂಲಿ: ಒಂದು ಹಿಡಿ ಖಾರ ಮಂಡಕ್ಕಿ, ಒಂದು ಕಥೆ.

ಹೋದ ವರ್ಷ ಹುಡುಗಿಗೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬಂತು. ಮಗುವನ್ನು ಯಾರೂ ಎಬ್ಬಿಸಬಾರದೆಂದು ಮನೆಯಲ್ಲಿ ಕಾನೂನಾಯಿತು. “ನೀ ಓದ್ಕ ಮಗಳೇ, ಸೂಜಿ ಎಲ್ಲಿ ಓಡಿ ಹೋಗ್ತತಿ” ಎಂದು ಅವ್ವನೂ ಒಪ್ಪಿದಳು. ತಮ್ಮ ದಾವಣಗೆರೆಯಿಂದ ದಾರ ಪೋಣಿಸುವ ಸಣ್ಣ ಸಾಧನವೊಂದನ್ನು ತಂದುಕೊಟ್ಟ. ಅವ್ವ ಅದನ್ನು ತಿರುಗಿಸಿ ನೋಡಿ ಎಲೆ ಅಡಿಕೆ ಡಬ್ಬಿಯಲ್ಲಿಟ್ಟಳು. ಕೌದಿ ಮೂಲೆ ಸೇರಿತು. ಹಗಲೆಲ್ಲ ಮಲಗತೊಡಗಿದಳು. ಊಟಕ್ಕೆ ಕರೆದರೆ “ಕೆಲಸ ಇಲ್ದೋರಿಗೆ ಎಂಥಾ ಹಸಿವು” ಎನ್ನುವಳು. ಜ್ವರವಿಲ್ಲ, ನೋವಿಲ್ಲ, ವೈದ್ಯರಿಗೆ ತೋರಿಸಿದರೆ ಏನೂ ಸಿಗಲಿಲ್ಲ.

ಕಾನೂನು ಮುರಿದವಳು ಹುಡುಗಿಯೇ. ಒಂದು ಬೆಳಿಗ್ಗೆ ಪುಸ್ತಕ ಮಡಿಸಿಟ್ಟು ಅಜ್ಜಿಯ ಪಕ್ಕ ಕೂತು ಆರು ಸೂಜಿಗೂ ದಾರ ಹಾಕಿದಳು. ಗಡಿಯಾರ ನೋಡಿದೆ: ಮೂರು ನಿಮಿಷ. ಆ ಮಧ್ಯಾಹ್ನ ಅವ್ವ ಎರಡನೆಯ ಸಲ ಸಾರು ಕೇಳಿದಳು. ಪರೀಕ್ಷೆಯ ಗತಿ ಏನಾಯಿತೆಂದು ಪಾಲಕರು ಕೇಳಬಹುದು. ಹುಡುಗಿ ಪಾಸಾಗಿದ್ದಾಳೆ, ಜೂನ್‌ನಲ್ಲಿ ಹೊರಡುತ್ತಾಳೆ.

ಮಕ್ಕಳ ವೇಳೆ ಉಳಿಸಲು ನಾವೆಲ್ಲ ಏನೇನೋ ಏರ್ಪಾಡು ಮಾಡುತ್ತೇವೆ. ಉಳಿಸಿದ್ದರಲ್ಲಿ ಮೂರು ನಿಮಿಷವನ್ನು ಮನೆಯ ಹಿರಿಯರಿಗೆ ಕೊಡಿಸಿ. ‘ಅಜ್ಜಿ, ಸುಮ್ಮನೆ ಕೂತಿರು’ ಎನ್ನುವುದು ಪ್ರೀತಿಯ ಮಾತೇ. ಆದರೆ ಸುಮ್ಮನೆ ಕೂರುವುದೇ ಮುಪ್ಪು. ಅವರ ಕೈಗೊಂದು ಕೆಲಸ, ಆ ಕೆಲಸಕ್ಕೆ ಮಗುವಿನದೊಂದು ನೆರವು. ಸಂತೋಷಕ್ಕೆ ಇದಕ್ಕಿಂತ ಅಗ್ಗದ ಸೂತ್ರ ನನಗೆ ಗೊತ್ತಿಲ್ಲ.

ಕೌದಿ ಈಗ ಮುಗಿಯುತ್ತ ಬಂದಿದೆ. ಹುಡುಗಿಯ ಟ್ರಂಕಿಗೆ ಹೋಗುವುದು ಅದೇ. ಮುಂದೆ ಸೂಜಿಯ ಚಾಕರಿ ನನ್ನದು. ಹರಿಹರ ಕನ್ನಡಕ ಏರಿಸಿ, ಗಾಜಿನ ಕೆಳಭಾಗದಲ್ಲಿ ನೋಡುತ್ತಾ ಅಭ್ಯಾಸ ಶುರು ಮಾಡಿದ್ದೇನೆ. ಮೂರನೆಯ ಪ್ರಯತ್ನಕ್ಕೆ ದಾರ ಹೋಗುತ್ತದೆ. ಮಂಡಕ್ಕಿ ಸಿಗುತ್ತಿದೆ, ಕಥೆಯೂ ಸಿಗುತ್ತಿದೆ.