ದೇವರು ಹೆಸರು ಕೇಳಿದಾಗ

ನನ್ನ ಇಂಜಿನಿಯರಿಂಗ್ ಫೀಸಿಗಾಗಿ ಅಣ್ಣ ಕಮಲಾಪುರದ ಹೊಲದ ಮೇಲೆ ಸಾಲ ತೆಗೆದಿದ್ದ. ಕೆಲಸ ಸಿಕ್ಕ ಮೇಲೆ ನಾನೇ ತೀರಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಎರಡು ವರ್ಷ ಕಟ್ಟಿದೆ. ಆಮೇಲೆ ಬೆಂಗಳೂರಿನಲ್ಲಿ ಫ್ಲ್ಯಾಟ್, ಕಾರು. 'ಈ ವರ್ಷ ಸಂಬಳ ಹೆಚ್ಚಾಗಿಲ್ಲಣ್ಣ' ಅಂತ ಸುಳ್ಳು ಹೇಳಿ ನಿಲ್ಲಿಸಿಬಿಟ್ಟೆ. ಅಣ್ಣ ಕೆಂಪು ಬಾಳೆ ಮಾರಿ ಬಡ್ಡಿ ಕಟ್ಟುತ್ತಿದ್ದ. ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ, ಒಳ್ಳೆಯ ಹೆಸರಿದೆ. ಆದರೆ ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಬಡ್ಡಿ ಅಷ್ಟು ದಿನ ಕಾಯೋದಿಲ್ಲ.

ಹೋದ ಕ್ರಿಸ್‌ಮಸ್‌ಗೆ ಕಲಬುರಗಿಗೆ ಬಂದಾಗ ಚರ್ಚಿನಲ್ಲಿ ಪಾಸ್ಟರ್ ಆದಿಕಾಂಡದ 32ನೇ ಅಧ್ಯಾಯ ತೆಗೆದರು. ಯಾಕೋಬ ಅಣ್ಣ ಏಸಾವನಿಗೆ ಮೋಸ ಮಾಡಿ ಓಡಿಹೋದವನು. 20 ವರ್ಷ ಮಾವನ ಹತ್ತಿರ ದುಡಿದು, ತಾನೂ ಮೋಸಹೋಗಿ ಊರಿಗೆ ಮರಳುತ್ತಿದ್ದಾನೆ. ಅಣ್ಣ 400 ಜನರೊಂದಿಗೆ ಎದುರಿಗೆ ಬರುತ್ತಿರುವ ಸುದ್ದಿ ಕೇಳಿ ಹೆದರಿ, ಆಡು, ಕುರಿ, ಒಂಟೆ, ಹಸು, ಕತ್ತೆ ಅಂತ 550ಕ್ಕೂ ಹೆಚ್ಚು ಪ್ರಾಣಿಗಳನ್ನು ಕಾಣಿಕೆಯಾಗಿ ಮುಂದೆ ಕಳಿಸುತ್ತಾನೆ. ನನಗೆ ನಾಚಿಕೆಯಾಯಿತು. ನನ್ನ ಬ್ಯಾಗಿನಲ್ಲೂ ಅಣ್ಣನಿಗೆಂದು ತಂದ ಹೊಸ ಫೋನಿತ್ತು.

ಆ ರಾತ್ರಿ ಯಬ್ಬೋಕ್ ಹೊಳೆಯ ಬಳಿ ದೇವರು ಬೆಳಗಾಗುವ ತನಕ ಅವನೊಂದಿಗೆ ಹೋರಾಡುತ್ತಾನೆ. ಅವನು ಆಶೀರ್ವಾದ ಕೇಳಿದರೆ ದೇವರು ಅವನ ಹೆಸರು ಕೇಳುತ್ತಾನೆ. ಹಿಂದೊಮ್ಮೆ ಕಣ್ಣು ಮಂಜಾದ ತಂದೆ ಇಸಾಕನೂ ನೀನು ಯಾರು ಅಂತ ಕೇಳಿದ್ದ. ಆಗ 'ಏಸಾವ' ಅಂದಿದ್ದ. ಈ ಸಲ ತನ್ನ ಹೆಸರನ್ನೇ ಹೇಳಿದ. ಯಾಕೋಬ ಅಂದರೆ ಹಿಮ್ಮಡಿ ಹಿಡಿಯುವವನು, ಮೋಸಗಾರ. ಅದನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಇಸ್ರಾಯೇಲ್ ಎಂಬ ಹೊಸ ಹೆಸರು ಸಿಕ್ಕಿತು. ಅಷ್ಟರಲ್ಲಿ ತೊಡೆಯ ಕೀಲು ತಪ್ಪಿತ್ತು. ಆಶೀರ್ವಾದ ಪಡೆದವನು ಕುಂಟುತ್ತಲೇ ಅಣ್ಣನ ಕಡೆ ನಡೆದ.

ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ದೇವರೇ, ನನ್ನನ್ನು ಬದಲಾಯಿಸು ಅಂತ ವರ್ಷಗಟ್ಟಲೆ ಪ್ರಾರ್ಥನೆ ಮಾಡಿದ್ದೆ. ನಾನು ಯಾರು ಅಂತ ಮಾತ್ರ ಒಂದು ದಿನವೂ ಒಪ್ಪಿಕೊಂಡಿರಲಿಲ್ಲ.

ಮರುದಿನ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋದೆ. ಫೋನು ಬ್ಯಾಗಿನಲ್ಲೇ ಉಳಿಯಿತು. ಬಾಳೆ ತೋಟದಲ್ಲಿ ನಿಂತು ಎಲ್ಲ ಹೇಳಿದೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದ.

"ಗೊತ್ತಿತ್ತಪಾ. ನಿನ್ನ ಕಾರಿನ ಫೋಟೋ ನಾನೂ ನೋಡೀನಿ. ನೀನೇ ಹೇಳ್ತಿ ಅಂತ ಕಾಯ್ಲಿಕತ್ತಿದ್ದೆ."

ಅವನು ತಬ್ಬಿಕೊಳ್ಳಲಿಲ್ಲ. ಆದರೆ ವೈನಿಗೆ ಕೂಗಿ, ಇನ್ನೊಂದು ತಾಟು ಹಾಕಲು ಹೇಳಿದ.

ಕಾರು ಮಾರಿದೆ. ಉಳಿದ ಸಾಲಕ್ಕೆ ಪ್ರತಿ ತಿಂಗಳು 5ಕ್ಕೆ ಹಣ ಕಳಿಸುತ್ತೇನೆ. ಅಣ್ಣನಿಂದ 'ಬಂತು' ಅಂತ ಒಂದೇ ಪದದ ಮೆಸೇಜ್ ಬರುತ್ತದೆ. ಮೊದಲಿನ ಸಲುಗೆ ಇನ್ನೂ ಬಂದಿಲ್ಲ. ಈಗಲೂ ಕಷ್ಟ ಬಂದಾಗ ಮೊದಲು ನಾಲಿಗೆಗೆ ಬರೋದು ಸುಳ್ಳೇ. ದೇವರು ನನ್ನ ಕುಂಟನ್ನು ಪೂರ್ತಿ ತೆಗೆದಿಲ್ಲ. ಆದರೆ ಅಣ್ಣನ ಮನೆಯ ಕಡೆ ನಡೆಸುತ್ತಿದ್ದಾನೆ. ಈ ಸಲದ ಗೊನೆ ಕಡಿಯಲು ಬಾ ಅಂತ ಅವನೇ ಕರೆದಿದ್ದಾನೆ.