ಒಂದು ಹುಣಸೆಬೀಜ

ಅಡುಗೆಮನೆಯ ಕೆಲಸಗಳಲ್ಲಿ ಅಡುಗೆಗೆ ಇರುವ ಗೌರವ ಮುಸುರೆಗೆ ಇಲ್ಲ. ಉಂಡವರು ಬಡಿಸಿದವರನ್ನು ಹೊಗಳುತ್ತಾರೆ. ತಟ್ಟೆ ತೊಳೆದವರನ್ನು ನೆನೆಯುವವರು ವಿರಳ. ಆದರೂ ನಿನ್ನೆಯ ಮುಸುರೆ ತೊಳೆಯದೆ ಇಂದಿನ ಅನ್ನ ಬೇಯುವುದಿಲ್ಲ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಹಿಂದಿನವರಿಗೆ ಈ ಕೆಲಸದ ಸಾಮಗ್ರಿಯೆಲ್ಲ ಮನೆಯಲ್ಲಿಯೇ ದೊರೆಯುತ್ತಿತ್ತು. ಒಲೆಯ ಬೂದಿ, ಒಂದು ಹಿಡಿ ತೆಂಗಿನ ನಾರು, ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಒಂದಿಷ್ಟು ಹುಣಸೆಹಣ್ಣು, ಇವಿಷ್ಟೇ. ಬೂದಿಯ ಕ್ಷಾರ ಜಿಡ್ಡನ್ನು ಬಿಡಿಸುತ್ತಿತ್ತು, ಹುಣಸೆಯ ಹುಳಿ ಕಿಲುಬನ್ನು ಕರಗಿಸುತ್ತಿತ್ತು, ನಾರು ಉಜ್ಜುತ್ತಿತ್ತು. ರಸಾಯನಶಾಸ್ತ್ರದ ಹೆಸರನ್ನೇ ಕೇಳದ ಕೈಗಳು ರಸಾಯನಶಾಸ್ತ್ರವನ್ನು ದಿನಕ್ಕೆರಡು ಬಾರಿ ಪ್ರಯೋಗಿಸುತ್ತಿದ್ದವು.

ತೊಳೆಯುವುದರ ಜೊತೆಗೆ ಕಾಪಾಡುವುದೂ ಇತ್ತು. ಹಿತ್ತಾಳೆಯ ಪಾತ್ರೆಯ ಒಳಮೈಗೆ ಬಳಿದ ತವರ ಸವೆದುಹೋದರೆ ಅದರಲ್ಲಿ ಹುಳಿಯ ಪದಾರ್ಥ ಇಡುವಂತಿರಲಿಲ್ಲ. ಆಗ ಕಲಾಯಿಯವರು ಬೀದಿಗೆ ಬರುತ್ತಿದ್ದರು. ನೆಲದಲ್ಲಿ ಸಣ್ಣ ಗುಂಡಿ ತೋಡಿ, ತಿದಿಯೊತ್ತಿ ಕೆಂಡ ಮಾಡಿ, ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ತಾಗಿಸಿ ಬಟ್ಟೆಯಿಂದ ಒಮ್ಮೆ ಸುತ್ತಲೂ ಒರೆಸಿದರೆ ಕಪ್ಪು ಪಾತ್ರೆಯ ಒಳಗೆ ಬೆಳ್ಳಿಯ ಹೊಳಪು ಮೂಡುತ್ತಿತ್ತು. ಹಳೆಯದಾಯಿತೆಂದು ಪಾತ್ರೆಯನ್ನು ಎಸೆಯುವ ಮಾತು ಆಗ ಯಾರ ಬಾಯಲ್ಲಿಯೂ ಬರುತ್ತಿರಲಿಲ್ಲ. ಒಂದು ವಸ್ತು ಮನೆಗೆ ಬಂದಿತೆಂದರೆ ಅದರ ದುರಸ್ತಿಯ ಹೊಣೆಯೂ ಅದರ ಬೆನ್ನಿಗೆ ಬಂದಿತೆಂದೇ ಅರ್ಥ.

ಕಾಲ ಬದಲಾಗಿದೆ. ಇಂದು ನಮ್ಮ ನಗರಗಳ ಹಲವು ಮನೆಗಳಲ್ಲಿ ಮುಸುರೆಯ ಕೆಲಸವನ್ನು ಯಂತ್ರ ಮಾಡುತ್ತಿದೆ. 2020ರಲ್ಲಿ ಕೊರೋನಾ ಪಿಡುಗಿನಿಂದಾಗಿ ಹೊರಗಿನವರು ಮನೆಯೊಳಕ್ಕೆ ಬರುವುದು ನಿಂತಾಗ ಭಾರತದಲ್ಲಿ ಈ ಯಂತ್ರಕ್ಕೆ ಬೇಡಿಕೆ ಹೆಚ್ಚಿತು. ಯಂತ್ರ ನಮಗೆ ಹೊಸದಾದರೂ ಅದರ ಕಲ್ಪನೆ ಹಳೆಯದು. 1850ರಲ್ಲಿಯೇ ಅಮೆರಿಕದ ಜೋಯೆಲ್ ಹೌಟನ್ ಎಂಬಾತ ಕೈಯಿಂದ ತಿರುಗಿಸಿ ಪಾತ್ರೆಗಳ ಮೇಲೆ ನೀರು ಎರಚುವ ಮರದ ಯಂತ್ರವೊಂದಕ್ಕೆ ಹಕ್ಕುಪತ್ರ ಪಡೆದಿದ್ದ. ಅದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ನಿಜವಾಗಿ ಕೆಲಸಕ್ಕೆ ಬರುವ ಯಂತ್ರವನ್ನು ರೂಪಿಸಿದವಳು ಜೋಸೆಫಿನ್ ಕಾಕ್ರನ್ ಎಂಬ ಮಹಿಳೆ. ಅಮೆರಿಕದ ಇಲಿನಾಯ್ ಪ್ರಾಂತದ ಶೆಲ್ಬಿವಿಲ್ ಎಂಬ ಊರು ಅವಳದು. ಅವಳ ಬೆಲೆಬಾಳುವ ಪಿಂಗಾಣಿ ತಟ್ಟೆಗಳು ತೊಳೆಯುವಾಗ ಅಂಚು ಮುಕ್ಕಾಗುತ್ತಿದ್ದವು. 1883ರಲ್ಲಿ ಗಂಡ ತೀರಿಕೊಂಡು ಸಾಲದ ಹೊರೆ ತಲೆಯ ಮೇಲೆ ಬಿದ್ದಾಗ, ಬೇಸರದಿಂದ ಹುಟ್ಟಿದ ಯೋಚನೆಯೇ ಅವಳ ಬದುಕಿನ ದಾರಿಯಾಯಿತು. ಮನೆಯ ಹಿಂದಿನ ಸೌದೆಯ ಕೊಟ್ಟಿಗೆಯಲ್ಲಿ, ಜಾರ್ಜ್ ಬಟರ್ಸ್ ಎಂಬ ಮೆಕ್ಯಾನಿಕನ ನೆರವಿನಿಂದ ಅವಳು ಯಂತ್ರವನ್ನು ಕಟ್ಟಿದಳು. 1886ರ ಡಿಸೆಂಬರ್ 28ರಂದು ಅದಕ್ಕೆ ಹಕ್ಕುಪತ್ರ ದೊರೆಯಿತು. 1893ರ ಷಿಕಾಗೋ ವಿಶ್ವಮೇಳದಲ್ಲಿ ಅವಳ ಯಂತ್ರಗಳು ಅಲ್ಲಿನ ಭೋಜನಶಾಲೆಗಳ ಪಾತ್ರೆಗಳನ್ನು ತೊಳೆದು ಬಹುಮಾನವನ್ನೂ ಗಳಿಸಿದವು. ಕಲ್ಪನೆ ಅವಳದು, ಅದನ್ನು ಕಬ್ಬಿಣ ತಾಮ್ರಗಳಲ್ಲಿ ನಿಲ್ಲಿಸಲು ಮೆಕ್ಯಾನಿಕನೊಬ್ಬನ ಕೈಯೂ ಬೇಕಾಯಿತು ಎಂಬುದನ್ನು ನಾವು ಮರೆಯಬಾರದು.

ಈ ಯಂತ್ರ ಪಾತ್ರೆಗಳನ್ನು ಉಜ್ಜುವುದಿಲ್ಲ. ನೀರಿನ ಬಿಸಿ, ಪುಡಿಯ ಕ್ಷಾರ, ಚಿಮ್ಮುವ ಧಾರೆಯ ಪೆಟ್ಟು, ಬೇಕಾದಷ್ಟು ಸಮಯ, ಈ ನಾಲ್ಕರಿಂದ ಕೊಳೆಯನ್ನು ಬಿಡಿಸುತ್ತದೆ. ತಳದಲ್ಲಿ ನಿಂತ ಸ್ವಲ್ಪವೇ ನೀರನ್ನು ಒಂದು ಪಂಪು ಮತ್ತೆ ಮತ್ತೆ ಮೇಲಕ್ಕೆ ತಳ್ಳುತ್ತದೆ. ಆ ನೀರು ರಂಧ್ರಗಳುಳ್ಳ ತೋಳುಗಳಿಂದ ಚಿಮ್ಮುತ್ತದೆ. ತೋಳು ತಿರುಗಲು ಬೇರೆ ಮೋಟಾರಿಲ್ಲ. ನೀರು ಒಂದು ದಿಕ್ಕಿಗೆ ಚಿಮ್ಮಿದರೆ ತೋಳು ಎದುರು ದಿಕ್ಕಿಗೆ ಸರಿಯುತ್ತದೆ. ಕ್ರಿಯೆಗೆ ಸಮನಾದ ವಿರುದ್ಧ ಪ್ರತಿಕ್ರಿಯೆ ಉಂಟೆಂಬ ನ್ಯೂಟನ್ನನ ನಿಯಮವನ್ನು ಪುಸ್ತಕದಲ್ಲಿ ಓದುವ ಮಕ್ಕಳು ಅದನ್ನು ಅಡುಗೆಮನೆಯಲ್ಲಿಯೂ ಕಾಣಬಹುದು. ಕೆಳಗಿಳಿದ ನೀರು ಜಾಲರಿಯ ಮೂಲಕ ಹಾಯುತ್ತದೆ. ಅನ್ನದ ಅಗುಳು, ಸಾಸಿವೆ, ಕರಿಬೇವು ಅಲ್ಲಿಯೇ ಉಳಿಯುತ್ತವೆ. ಕೆಲಸ ಮುಗಿದ ಮೇಲೆ ಇನ್ನೊಂದು ಸಣ್ಣ ಪಂಪು ಕೊಳೆನೀರನ್ನು ಹೊರಕ್ಕೆ ಹಾಕುತ್ತದೆ.

ಇಷ್ಟು ಕೆಲಸ ಮಾಡುವ ಯಂತ್ರಕ್ಕೆ ತನ್ನನ್ನು ತಾನೇ ಪೂರ್ತಿಯಾಗಿ ತೊಳೆದುಕೊಳ್ಳಲು ಬಾರದು. ಊರನ್ನೆಲ್ಲ ಗುಡಿಸುವ ಪೊರಕೆಯನ್ನೂ ಒಮ್ಮೆ ಕೊಡವಬೇಕಲ್ಲವೆ? ವಾರಕ್ಕೊಮ್ಮೆಯಾದರೂ ಜಾಲರಿಯನ್ನು ಬಿಚ್ಚಿ, ಹರಿಯುವ ನೀರಿನಲ್ಲಿ ಮೆತ್ತಗೆ ತೊಳೆದು, ಸರಿಯಾಗಿ ಕೂರಿಸಬೇಕು. ಆಗಾಗ್ಗೆ ತೋಳುಗಳನ್ನು ಕಳಚಿ ರಂಧ್ರಗಳನ್ನು ನೋಡಬೇಕು. ಬಾಗಿಲ ಅಂಚಿನ ರಬ್ಬರನ್ನು ಒರೆಸಬೇಕು.

ನಮ್ಮ ನಾಡಿನಲ್ಲಿ ಇದಕ್ಕಿಂತ ಮುಖ್ಯವಾದುದು ನೀರಿನ ಗುಣ. ಆಳದ ಕೊಳವೆಬಾವಿಗಳ ನೀರು ಅನೇಕ ಕಡೆಗಳಲ್ಲಿ ಗಡಸು. ಅದರಲ್ಲಿ ಕರಗಿರುವ ಸುಣ್ಣದ ಅಂಶ ಕಾಯಿಸಿದಾಗ ಬೇರ್ಪಟ್ಟು ಪೊರೆಗಟ್ಟುತ್ತದೆ. ಬಚ್ಚಲ ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಪೊರೆಯೇ ತೋಳಿನ ರಂಧ್ರಗಳನ್ನು ಮುಚ್ಚುತ್ತದೆ, ಗಾಜಿನ ಲೋಟಗಳನ್ನು ಮಸುಕಾಗಿಸುತ್ತದೆ. ಆದ್ದರಿಂದ ಅನೇಕ ಯಂತ್ರಗಳಲ್ಲಿ ರಾಳದ ಸಣ್ಣ ಮಣಿಗಳಿರುವ ಒಂದು ಕೋಶವಿರುತ್ತದೆ. ಆ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತಾವು ಹಿಡಿದುಕೊಂಡು ಸೋಡಿಯಂ ಅನ್ನು ಬಿಟ್ಟುಕೊಡುತ್ತವೆ. ಕ್ರಮೇಣ ಅವುಗಳ ಶಕ್ತಿ ಕುಂದುತ್ತದೆ. ಉಪ್ಪಿನ ನೀರು ಹಾಯ್ದಾಗ ಮತ್ತೆ ಚೇತರಿಸಿಕೊಳ್ಳುತ್ತವೆ. ಯಂತ್ರಕ್ಕೆ ಉಪ್ಪು ಹಾಕುವುದು ಇದಕ್ಕಾಗಿಯೇ. ಅದಕ್ಕೆಂದೇ ದೊರೆಯುವ ಹರಳುಪ್ಪನ್ನು ಹಾಕಬೇಕೇ ಹೊರತು ಊಟದ ಪುಡಿಯುಪ್ಪನ್ನಲ್ಲ. ನಮ್ಮ ಹಳೆಯ ಅಲ್ಯೂಮಿನಿಯಂ ಪಾತ್ರೆಗಳನ್ನು ಇದರಲ್ಲಿ ಇಡಬಾರದು. ಪುಡಿಯ ಕ್ಷಾರಕ್ಕೆ ಅವು ಕಪ್ಪಾಗುತ್ತವೆ. ಯಂತ್ರದ ಗುಣವನ್ನು ಅರಿತು ನಡೆಸುವುದು ಮನುಷ್ಯರ ಗುಣವನ್ನು ಅರಿತು ನಡೆಯುವುದಕ್ಕಿಂತ ಸುಲಭ. ಏಕೆಂದರೆ ಯಂತ್ರ ಮುನಿಸಿಕೊಂಡರೆ ಕಾರಣವಿಲ್ಲದೆ ಮುನಿಸಿಕೊಳ್ಳುವುದಿಲ್ಲ.

ಆ ಕಾರಣವನ್ನು ಹುಡುಕುವುದೇ ದುರಸ್ತಿ. ಈ ಮಾತಿನ ಅರ್ಥ ನನಗೆ ಚೆನ್ನಾಗಿ ಮನದಟ್ಟಾದದ್ದು ನಮ್ಮ ಅಕ್ಕನ ಮನೆಯಲ್ಲಿ. ಅಕ್ಕ, ಭಾವ ಇಬ್ಬರೇ ತುಮಕೂರಿನ ಬಡಾವಣೆಯೊಂದರಲ್ಲಿದ್ದಾರೆ. ಅಕ್ಕನಿಗೆ ಎಪ್ಪತ್ತೆಂಟು ವರ್ಷ. ಬೆರಳುಗಳ ಗಂಟುಗಳು ಊದಿಕೊಂಡು ಹಿಡಿ ಮಡಚುವುದು ಕಷ್ಟವಾಗಿದೆ. ಮಗ ಕೊಡಿಸಿದ ಪಾತ್ರೆ ತೊಳೆಯುವ ಯಂತ್ರ ಅವಳಿಗೆ ಅಲಂಕಾರದ ವಸ್ತುವಲ್ಲ, ಎರಡು ಕೈಗಳಿಗೆ ಸಮ. ಒಂದು ದಿನ ಆ ಯಂತ್ರ ಕೆಲಸದ ನಡುವೆ ನಿಂತುಹೋಯಿತು. ಬಾಗಿಲು ತೆರೆದರೆ ತಳದಲ್ಲಿ ಕೊಳೆನೀರು ನಿಂತಿತ್ತು. ನಾನು ಹೋದಾಗ ಅಕ್ಕ ಬಿಸಿನೀರಿನಲ್ಲಿ ಬೆರಳುಗಳನ್ನು ಅದ್ದಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಅರ್ಧ ತೊಳೆದ ಪಾತ್ರೆಗಳಿದ್ದವು.

ಮೊದಲು ಬಂದ ತರುಣ ಬಾಗಿಲು ತೆರೆದು ಇಣುಕಿದ, ಗುಂಡಿಯೊಂದನ್ನು ಒತ್ತಿದ, "ಮೋಟಾರು ಹೋಗಿದೆ. ಮೆಷಿನ್ನಿಗೆ ಎಂಟು ವರ್ಷ ಆಯಿತಲ್ಲ, ಇದಕ್ಕೆ ಹಣ ಹಾಕುವುದು ದಂಡ. ಹೊಸದು ತೆಗೆದುಕೊಳ್ಳಿ" ಎಂದ. ಹೊಸದರ ಬೆಲೆಯನ್ನೂ ಹೇಳಿದ. ಅದು ಭಾವನ ಒಂದು ತಿಂಗಳ ಪಿಂಚಣಿಗಿಂತ ಹೆಚ್ಚಾಗಿತ್ತು. ಭಾವ ಮಾತನಾಡಲಿಲ್ಲ. ಅಕ್ಕ ಮಾತ್ರ, "ಇರಲಿ ಬಿಡು, ಕೈಯಲ್ಲೇ ತಿಕ್ಕಿದರಾಯಿತು" ಎಂದಳು.

ಮಾರನೆಯ ದಿನ ನೆರೆಯವರು ಇನ್ನೊಬ್ಬರನ್ನು ಕಳುಹಿಸಿದರು. ನಡುವಯಸ್ಸಿನವರು, ಹೆಗಲಿಗೊಂದು ಹಳೆಯ ಚೀಲ. ಅವರು ಬಂದವರೇ ಯಂತ್ರವನ್ನು ಮುಟ್ಟಲಿಲ್ಲ.

"ಅಮ್ಮಾ, ನಿಂತಾಗ ಏನಾದರೂ ಸದ್ದು ಬಂತೆ?" ಎಂದು ಕೇಳಿದರು.

"ಗುಂಯ್ ಎಂದು ಸದ್ದು ಮಾಡಿ ಸುಮ್ಮನಾಯಿತಪ್ಪ."

"ಅದಕ್ಕೆ ಮುಂಚೆ ಪಾತ್ರೆ ಚೆನ್ನಾಗಿಯೇ ತೊಳೆದಿತ್ತೆ?"

"ತೊಳೆದಿತ್ತು. ನೀರು ಮಾತ್ರ ಹೋಗಲಿಲ್ಲ."

ಅವರು ತಲೆಯಾಡಿಸಿದರು. ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು, ನಲ್ಲಿಯನ್ನು ನಿಲ್ಲಿಸಿದರು. ನಿಂತ ನೀರನ್ನು ಲೋಟದಿಂದ ತೋಡಿ, ಉಳಿದುದನ್ನು ಬಟ್ಟೆಯಿಂದ ಹೀರಿ ತೆಗೆದರು. ಜಾಲರಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅದರ ಕೆಳಗಿದ್ದ ಸಣ್ಣ ಮುಚ್ಚಳವನ್ನು ಕಳಚಿ, ಗಾಜಿನ ಚೂರು ಇದ್ದೀತೆಂದು ಎಚ್ಚರದಿಂದ ಬೆರಳಾಡಿಸಿದರು. ಕೊನೆಗೆ ಚಿಮಟದಿಂದ ಏನನ್ನೋ ಹಿಡಿದು ಹೊರತೆಗೆದು ಅಕ್ಕನ ಅಂಗೈ ಮೇಲೆ ಇಟ್ಟರು. ಅದು ಒಂದು ಹುಣಸೆಬೀಜ. ತಿರುವು ಸರಿಯಾಗಿ ಬೀಳದೆ ಸಡಿಲವಾಗಿದ್ದ ಜಾಲರಿಯ ಸಂದಿನಿಂದ ಸಾರಿನ ಪಾತ್ರೆಯ ಆ ಬೀಜ ನುಸುಳಿ, ನೀರು ಹೊರಹಾಕುವ ಪಂಪಿನ ಚಕ್ರಕ್ಕೆ ಅಡ್ಡಲಾಗಿ ಕೂತಿತ್ತು. ಮೋಟಾರಿಗೆ ಏನೂ ಆಗಿರಲಿಲ್ಲ. ಯಂತ್ರವನ್ನು ನಡೆಸಿದಾಗ ನೀರು ಸರಾಗವಾಗಿ ಹರಿದುಹೋಯಿತು.

ಅಕ್ಕ ಕೂಲಿ ಎಷ್ಟೆಂದು ಕೇಳಿದಳು. "ಕೆಟ್ಟದ್ದೇನೂ ಇರಲಿಲ್ಲವಲ್ಲಮ್ಮ, ಬಂದುಹೋದ ಖರ್ಚು ಕೊಟ್ಟರೆ ಸಾಕು" ಎಂದರು ಅವರು. ನನಗೆ ಅದಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಅವರು ಮುಂದೆ ಮಾಡಿದ ಕೆಲಸ. ಜಾಲರಿಯನ್ನು ಅಕ್ಕನ ಕೈಗೆ ಕೊಟ್ಟು, ಅವಳಿಂದಲೇ ಮೂರು ಬಾರಿ ಕೂರಿಸಿ ತಿರುಗಿಸಿ ಬಿಗಿ ಮಾಡಿಸಿದರು. ಊದಿದ ಬೆರಳಿಗೆ ತಿರುವು ಸಿಕ್ಕದಿದ್ದಾಗ, ಅಂಗೈಯಿಂದ ಹೇಗೆ ಒತ್ತಿ ತಿರುಗಿಸಬಹುದೆಂಬುದನ್ನು ತೋರಿಸಿದರು. ಹೀಗೆ ಕಲಿಸಿಕೊಟ್ಟರೆ ಮತ್ತೆ ಅವರನ್ನು ಕರೆಯುವ ಸಂದರ್ಭ ಕಡಿಮೆಯಾಗುವುದೆಂದು ಅವರಿಗೆ ತಿಳಿಯದೆ? ತಿಳಿದೇ ಕಲಿಸಿದರು. ತರಗತಿಯಲ್ಲಿ ಹಲವು ವರ್ಷ ಪಾಠ ಹೇಳಿದ ನನಗೆ, ಗುರುವೆಂದರೆ ಯಾರು ಎಂಬುದಕ್ಕೆ ಅಲ್ಲಿ ಇನ್ನೊಂದು ಉದಾಹರಣೆ ಸಿಕ್ಕಿತು.

ಮೊದಲು ಬಂದವನಿಗೂ ಎರಡನೆಯವರಿಗೂ ಇದ್ದ ವ್ಯತ್ಯಾಸ ಉಪಕರಣಗಳದ್ದಲ್ಲ. ಒಬ್ಬನು ತೀರ್ಪಿನಿಂದ ಆರಂಭಿಸಿದ. ಇನ್ನೊಬ್ಬರು ಪ್ರಶ್ನೆಯಿಂದ ಆರಂಭಿಸಿದರು. ಗುಂಯ್ ಎಂಬ ಸದ್ದು ಬಂದಿದೆ ಎಂದರೆ ಮೋಟಾರಿಗೆ ವಿದ್ಯುತ್ತು ತಲುಪಿದೆ. ಪಾತ್ರೆ ಚೆನ್ನಾಗಿ ತೊಳೆದಿದೆ ಎಂದರೆ ಚಿಮ್ಮಿಸುವ ಪಂಪು ಸರಿಯಿದೆ. ನೀರು ಮಾತ್ರ ಹೋಗಿಲ್ಲ ಎಂದರೆ ಹೊರಹೋಗುವ ದಾರಿಯಲ್ಲಿ ತಡೆಯಿದೆ. ಚೀಲ ಬಿಚ್ಚುವ ಮೊದಲೇ ಅರ್ಧ ಕೆಲಸ ಮುಗಿದಿತ್ತು. ಕಠಿಣವಾದ ಪದ್ಯದಲ್ಲಿ ಕ್ರಿಯಾಪದವನ್ನು ಹಿಡಿದು ಅನ್ವಯಿಸುತ್ತ ಹೋದರೆ ಅರ್ಥ ತಾನಾಗಿ ತೆರೆದುಕೊಳ್ಳುವುದಿಲ್ಲವೆ? ಯಂತ್ರವನ್ನು ಓದುವ ರೀತಿಯೂ ಅದೇ. ಬಾಗಿಲ ಬಳಿ ಮುಗುಮ್ಮಾಗಿ ನಿಂತ ಯಂತ್ರ ಕೆಲವೊಮ್ಮೆ ಕೆಟ್ಟಿಯೇ ಇರುವುದಿಲ್ಲ. ಹಲವು ಯಂತ್ರಗಳ ತಳದ ತಟ್ಟೆಯಲ್ಲಿ ಒಂದು ತೇಲುಬಿಲ್ಲೆ ಇರುತ್ತದೆ. ಎಲ್ಲಿಯಾದರೂ ಸೋರಿಕೆಯಾಗಿ ಅಲ್ಲಿ ನೀರು ಸೇರಿದರೆ ಅದು ಮೇಲೆದ್ದು ಕೆಲಸವನ್ನು ನಿಲ್ಲಿಸುತ್ತದೆ. ಆಗ ಯಂತ್ರ ನಿಂತಿರುವುದು ಮನೆಯನ್ನು ಕಾಯುವುದಕ್ಕೆ. ಅದನ್ನು ಕೆಟ್ಟಿತೆನ್ನುವುದು ಕಾವಲುಗಾರನನ್ನು ಸೋಮಾರಿ ಎಂದಂತೆ.

ಎಲ್ಲವನ್ನೂ ದುರಸ್ತಿ ಮಾಡಬಹುದೆಂದು ನಾನು ಹೇಳುತ್ತಿಲ್ಲ. ತಳದ ಲೋಹ ತುಕ್ಕು ಹಿಡಿದು ತೂತಾಗಿದ್ದರೆ, ಮುಖ್ಯ ಪಂಪೂ ವಿದ್ಯುತ್ ಫಲಕವೂ ಒಟ್ಟಿಗೆ ಸುಟ್ಟಿದ್ದರೆ, ಇನ್ನು ಸಾಕು ಎನ್ನುವುದೂ ಪ್ರಾಮಾಣಿಕತೆಯೇ. ವಿದ್ಯುತ್ತಿನ ಭಾಗಗಳಿಗೆ ಅರಿಯದವರು ಕೈಹಾಕುವುದು ಧೈರ್ಯವಲ್ಲ, ಅಪಾಯ. ಆದರೆ ಕಾರಣ ನೋಡದೆ ಸಾಕೆನ್ನುವುದು ಬೇರೆ, ಕಾರಣ ನೋಡಿ ಸಾಕೆನ್ನುವುದು ಬೇರೆ.

ನೋಡಬೇಕೆಂಬ ಮನಸ್ಸಿದ್ದರೂ ಬಿಡಿಭಾಗ ದೊರೆಯದಿದ್ದರೆ ದುರಸ್ತಿಗಾರನು ಏನು ಮಾಡಿಯಾನು? ಈ ಪ್ರಶ್ನೆ ಇಂದು ಸರ್ಕಾರಗಳನ್ನೂ ಮುಟ್ಟಿದೆ. ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚ್ ತಿಂಗಳಿನಿಂದ, ಪಾತ್ರೆ ತೊಳೆಯುವ ಯಂತ್ರಗಳ ಮುಖ್ಯ ಬಿಡಿಭಾಗಗಳು ಭಾಗಕ್ಕೆ ತಕ್ಕಂತೆ ಕನಿಷ್ಠ 7 ಅಥವಾ 10 ವರ್ಷ ದೊರೆಯುವಂತಿರಬೇಕೆಂಬ ನಿಯಮ ಜಾರಿಗೆ ಬಂದಿತು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ದುರಸ್ತಿಯ ಹಕ್ಕು' ಎಂಬ ವಿಷಯವನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿತು. ಅದೇ ವರ್ಷದ ಡಿಸೆಂಬರ್ 24ರಂದು ದುರಸ್ತಿಯ ಮಾಹಿತಿ ಜನರಿಗೆ ಒಂದೆಡೆ ದೊರೆಯುವ ವ್ಯವಸ್ಥೆಯನ್ನೂ ಆರಂಭಿಸಿತು. ಕೊಂಡ ವಸ್ತುವನ್ನು ಸರಿಪಡಿಸಿಕೊಳ್ಳುವುದು ಕೊಂಡವರ ಹಕ್ಕು ಎಂಬುದು ಈ ಪ್ರಯತ್ನಗಳ ತಿರುಳು. ಕಲಾಯಿಯವರ ಕಾಲದಲ್ಲಿ ಕೇಳದೆಯೇ ಇದ್ದ ಹಕ್ಕನ್ನು ಇಂದು ಕಾಗದದ ಮೇಲೆ ಬರೆಯಬೇಕಾಗಿ ಬಂದಿದೆ. ಬರೆದಿರುವುದು ಒಳ್ಳೆಯದೇ.

ಹಕ್ಕು ಬರವಣಿಗೆಯಲ್ಲಿದ್ದರೆ ಸಾಲದು. ಅದನ್ನು ನಡೆಸುವ ಕೈಗಳಿಗೆ ಸಮಾಜದಲ್ಲಿ ಮರ್ಯಾದೆ ಬೇಕು. ಓದು ಬಾರದವರು ತಿರುಪುಳಿ ಹಿಡಿಯಲಿ ಎಂಬ ಮಾತನ್ನು ನಾವು ಹಿರಿಯರೇ ಎಷ್ಟೋ ಸಲ ಮಕ್ಕಳ ಮುಂದೆ ಆಡುತ್ತೇವೆ. ತಿರುಪುಳಿ ಹಿಡಿಯುವುದೂ ಓದೇ. ಕಿವಿಗೊಟ್ಟು ಕೇಳುವುದು, ಕಂಡುದರಿಂದ ಕಾಣದ್ದನ್ನು ಊಹಿಸುವುದು, ಊಹೆಯನ್ನು ಬಿಚ್ಚಿನೋಡಿ ಪರೀಕ್ಷಿಸುವುದು, ಕಂಡ ನಿಜವನ್ನು ತನಗೆ ನಷ್ಟವಾದರೂ ಹೇಳುವುದು, ವಿದ್ಯೆಯ ಲಕ್ಷಣಗಳು ಇವೇ ಅಲ್ಲವೆ? ಈ ಲಕ್ಷಣಗಳುಳ್ಳವರು ನಿಮ್ಮ ಮನೆಯ ಬಾಗಿಲಿಗೆ ಬಂದಾಗ ಕೂರಲು ಮಣೆ, ಕುಡಿಯಲು ನೀರು ಕೊಡಿ. ಸಾಧ್ಯವಾದರೆ ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ. ವಸ್ತುವಾಗಲಿ, ಸ್ನೇಹವಾಗಲಿ, ಕೆಟ್ಟಿತೆಂದು ನಾಲಗೆ ನುಡಿಯುವುದಕ್ಕೆ ಮೊದಲು ಏಕೆ ಎಂದು ಮನಸ್ಸು ಕೇಳಲಿ. ಎಷ್ಟೋ ಕಡೆ ಅಡ್ಡಿಯಾಗಿ ಕೂತಿರುವುದು ಒಂದು ಸಣ್ಣ ಬೀಜ ಮಾತ್ರ.