ಅರುಂಧತಿಯ ಸಾಕ್ಷಿ

ನನ್ನ ಮದುವೆಯಲ್ಲಿ ಅರುಂಧತಿ ನಕ್ಷತ್ರ ತೋರಿಸಿದ್ದು ಹಗಲು ಹನ್ನೊಂದೂವರೆ ಗಂಟೆಗೆ. ಚಿಕ್ಕಬಳ್ಳಾಪುರದ ಛತ್ರದ ಹಿಂಬಾಗಿಲಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿ, ಪುರೋಹಿತರು ಬಿಸಿಲಿಗೆ ಹಣೆಯ ಮೇಲೊಂದು ಕೈಯಿಟ್ಟು, ಇನ್ನೊಂದು ಕೈಯನ್ನು ತೆಂಗಿನ ಮರದ ನೆತ್ತಿಯ ಕಡೆ ಚಾಚಿ, "ಕಾಣಿಸಿತೇನಮ್ಮಾ?" ಎಂದರು. "ಕಾಣಿಸಿತು" ಎಂದೆ. ಪಕ್ಕದಲ್ಲಿದ್ದವರೂ "ಕಾಣಿಸಿತು" ಎಂದರು. ಒಳಗೆ ಎಲೆ ಹಾಕಿಯಾಗಿತ್ತು. ಕಾಣಿಸಲಿಲ್ಲವೆಂದು ಹಟ ಹಿಡಿದಿದ್ದರೆ ಸಾರು ಆರಿಹೋಗುತ್ತಿತ್ತು. ಹೀಗೆ ನಮ್ಮ ಸಂಸಾರ ಒಂದು ಸಣ್ಣ ಸುಳ್ಳಿನಿಂದ, ಅದೂ ಇಬ್ಬರೂ ಸೇರಿ ಹೇಳಿದ ಸುಳ್ಳಿನಿಂದ ಶುರುವಾಯಿತು. ನಿಮ್ಮಲ್ಲಿ ಎಷ್ಟು ಜನ ಅಂದು ನಿಜವಾಗಿ ಕಂಡಿದ್ದೀರಿ, ಎದೆ ಮುಟ್ಟಿಕೊಂಡು ಹೇಳಿ ನೋಡೋಣ.

ಮರೆತೇಹೋಗಿದ್ದ ಆ ಸುಳ್ಳು ಮತ್ತೆ ಎದುರಿಗೆ ಬಂದದ್ದು ಚಿಂತಾಮಣಿಯಿಂದ ಅಮ್ಮ ಬಂದಾಗ. ಎಂಬತ್ತರ ಹತ್ತಿರದ ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿ, ಚೇತರಿಸಿಕೊಳ್ಳಲೆಂದು ನನ್ನಲ್ಲಿ ಇರಿಸಿಕೊಂಡಿದ್ದೆ. ಸಂಕ್ರಾಂತಿ ಕಳೆದ ಒಂದು ಸಂಜೆ ತಾರಸಿಯ ಮೇಲೆ ಕೂತಿದ್ದವಳು ಇದ್ದಕ್ಕಿದ್ದಂತೆ, "ನಿಮ್ಮಪ್ಪ ಹೋಗೋ ಮುಂಚೆ ಒಂದು ಸಲ ಕೇಳಿದ್ರು ಕಣೇ, ಮದುವೆ ದಿನ ಅರುಂಧತಿ ನಿಜವಾಗ್ಲೂ ಕಂಡಿತ್ತಾ ಅಂತ. ಹೂಂ ಅಂದುಬಿಟ್ಟೆ. ಕಂಡಿರಲಿಲ್ಲ. ಈಗಲಾದರೂ ಒಂದು ಸಲ ತೋರಿಸ್ತೀಯಾ?" ಎಂದಳು.

ಊರಿನ ಬೆಳಕಿನಲ್ಲಿ ಆ ಮಂಕು ನಕ್ಷತ್ರ ನನ್ನ ಕಣ್ಣಿಗೇ ನೆಟ್ಟಗೆ ಕಾಣದು, ಅಮ್ಮನಿಗೆ ಎಲ್ಲಿ ಕಂಡೀತು? ಆದರೆ ಕೆಲಸದ ಮೇಲೆ ಪರದೇಶಕ್ಕೆ ಹೋದ ಮಗ ಬಿಟ್ಟುಹೋದ ಸಾಮಾನು ಅಟ್ಟದ ಮೇಲಿತ್ತು: ಎಂಟು ಸೆಂಟಿಮೀಟರ್ ಅಗಲದ ಗಾಜಿನ ಒಂದು ದೂರದರ್ಶಕ, ಅದನ್ನು ಆಕಾಶದ ಜೊತೆಗೆ ನಿಧಾನವಾಗಿ ತಿರುಗಿಸುವ ಒಂದು ಪೀಠ, ಒಂದು ಕ್ಯಾಮೆರಾ. ಸಪ್ತರ್ಷಿಗಳು ಸಂಜೆಗೇ ಮೇಲೇರಿ ಬರುವುದು ಏಪ್ರಿಲ್ ಹೊತ್ತಿಗೆ. ಅಷ್ಟರಲ್ಲಿ ಕೈ ಪಳಗಲಿ ಎಂದು ಎಲ್ಲವನ್ನೂ ಕೆಳಗಿಳಿಸಿದೆ.

ಮೊದಲ ರಾತ್ರಿಯ ಚಿತ್ರದಲ್ಲಿ ನಕ್ಷತ್ರಗಳೆಲ್ಲ ಅಕ್ಕಿಕಾಳಿನಂತೆ ಉದ್ದವಾಗಿದ್ದವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಪೀಠ ಹಾಳಾಗಿದೆ ಎಂದು ಮಗನಿಗೆ ಫೋನ್ ಮಾಡಿದೆ. ಅವನು ನಕ್ಕು, "ಅಮ್ಮಾ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಬರೆದಿಡು" ಎಂದ. ಇದು ನನಗೆ ಹೊಸ ಮಾತೇನಲ್ಲ. ಸಾರು ಸಪ್ಪೆಯಾಯಿತೆಂದು ಉಪ್ಪು, ಹುಳಿ, ಬೆಲ್ಲ ಮೂರನ್ನೂ ಒಟ್ಟಿಗೆ ಸುರಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದೇ ಇಲ್ಲವಲ್ಲ! ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯತೊಡಗಿದೆ.

ಅಕ್ಕಿಕಾಳಿಗೆ ಕಾರಣ ಧ್ರುವ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಪೀಠ ಅದಕ್ಕೆ ಸರಿಯಾಗಿ ತಿರುಗಬೇಕಾದರೆ ಅದರ ಅಚ್ಚು ಧ್ರುವದ ಕಡೆಗೇ ಮುಖಮಾಡಿರಬೇಕು. ಒಂದು ಊರು ಭೂಮಧ್ಯರೇಖೆಯಿಂದ ಎಷ್ಟು ಡಿಗ್ರಿ ಉತ್ತರಕ್ಕಿದೆಯೋ ಧ್ರುವನೂ ಅಲ್ಲಿ ಅಷ್ಟೇ ಎತ್ತರದಲ್ಲಿರುತ್ತಾನೆ. ಕಾಶ್ಮೀರದ ಶ್ರೀನಗರದಲ್ಲಿ 34 ಡಿಗ್ರಿ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಬರೀ ಹದಿಮೂರೂವರೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗೆ ಸುಮಾರು ಹತ್ತು ಡಿಗ್ರಿ. ಅಂದರೆ ನಮ್ಮ ಧ್ರುವ ಒಂದೂಕಾಲು ಮುಷ್ಟಿಗಿಂತ ಸ್ವಲ್ಪವೇ ಮೇಲೆ. ನಮ್ಮ ತಾರಸಿಯಿಂದ ನೋಡಿದರೆ ಅಲ್ಲಿ ಪಕ್ಕದ ಮನೆಯ ನೀರಿನ ತೊಟ್ಟಿ ಕೂತಿದೆ! ಸಾಮಾನನ್ನೆಲ್ಲ ಇನ್ನೊಂದು ಮೂಲೆಗೆ ಹೊತ್ತ ಮೇಲೆ ಅವನು ಧೂಳಿನ ಮಬ್ಬಿನಲ್ಲಿ ಸಿಕ್ಕಿದ. ಅಚಲನೆಂದು ಹೆಸರಾದ ಧ್ರುವನೂ ನಿಜವಾದ ಧ್ರುವಬಿಂದುವಿನಿಂದ ಮುಕ್ಕಾಲು ಡಿಗ್ರಿಯೊಳಗೆ ಪಕ್ಕಕ್ಕಿದ್ದು, ದಿನಕ್ಕೊಂದು ಸಣ್ಣ ಸುತ್ತು ಹಾಕುತ್ತಾನೆಂದು ಆಗ ತಿಳಿಯಿತು. ಅಷ್ಟನ್ನೂ ಲೆಕ್ಕ ಹಿಡಿದ ಮೇಲೆ ಅಕ್ಕಿಕಾಳು ಸಾಸಿವೆಯಾಯಿತು.

ಎರಡನೆಯ ಕಾಟ ಇಬ್ಬನಿ. ಅರ್ಧ ಗಂಟೆ ಚೆನ್ನಾಗಿದ್ದ ಚಿತ್ರ ಇದ್ದಕ್ಕಿದ್ದಂತೆ ಮಂಕಾಗಿ, ಪ್ರತಿ ನಕ್ಷತ್ರದ ಸುತ್ತ ದೇವರ ಪಟದಲ್ಲಿರುವಂಥ ಪ್ರಭಾವಳಿ ಮೂಡುತ್ತಿತ್ತು. ಬಯಲಿನಲ್ಲಿಟ್ಟ ಗಾಜು ತನ್ನ ಬಿಸಿಯನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಇಬ್ಬನಿ ಅದರ ಮೇಲೇ ಬಂದು ಕೂರುತ್ತದೆ. ನಾನು ಸೆರಗಿನಿಂದ ಒರೆಸಿ ಗೀಟು ಮೂಡಿಸಿಕೊಂಡೆ; ದಯವಿಟ್ಟು ನೀವು ಹಾಗೆ ಮಾಡಬೇಡಿ. ಹಳೆಯ ಕ್ಯಾಲೆಂಡರಿನ ರಟ್ಟನ್ನು ಸುತ್ತಿ, ಕೊಳವೆಯ ಮುಂದೆ ಒಂದು ಗೇಣು ಚಾಚುವಂತೆ ತೊಡಿಸಿದರೆ ಗಾಜು ಆಕಾಶಕ್ಕೆ ಅಷ್ಟು ಬಯಲಾಗುವುದಿಲ್ಲ. ಆಗಲೂ ಮಂಜು ಕೂತರೆ ಕೂದಲು ಒಣಗಿಸುವ ಯಂತ್ರದ ಬೆಚ್ಚನೆಯ ಗಾಳಿ ಸಾಕು.

ಮೂರನೆಯದು ಕುಂಕುಮದ ಚುಕ್ಕೆಗಳು. ಆಕಾಶದ ಯಾವ ಭಾಗ ತೆಗೆದರೂ ಚಿತ್ರದ ಅದೇ ಜಾಗಗಳಲ್ಲಿ ಕೆಂಪು, ನೀಲಿ ಚುಕ್ಕೆ. ಅದು ಕ್ಯಾಮೆರಾದೊಳಗಿನ ಕೆಲವು ಬಿಸಿ ಬಿಂದುಗಳ ಕೆಲಸ. ಮುಚ್ಚಳ ಹಾಕಿ ಅಷ್ಟೇ ಹೊತ್ತು ಕತ್ತಲೆಯ ಚಿತ್ರ ತೆಗೆದು, ಅದನ್ನು ಆಕಾಶದ ಚಿತ್ರದಿಂದ ಕಳೆದರೆ ಅವು ಹೋಗುತ್ತವೆ. ಉದ್ದಿನ ವಡೆಯಂಥ ಬೂದು ಉಂಗುರಗಳು ಧೂಳಿನ ನೆರಳು. ಕೊಳವೆಯ ಬಾಯಿಗೆ ಬಿಳಿ ಪಂಚೆ ಬಿಗಿದು ಸಮನಾದ ಬೆಳಕಿನಲ್ಲಿ ಒಂದು ಚಿತ್ರ ತೆಗೆದು, ಅದರಿಂದ ಭಾಗಿಸಿದರೆ ಅವೂ ಹೋಗುತ್ತವೆ. ಈ ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡುತ್ತದೆ. ಪಂಚೆ ಯಾಕೆಂದು ನಮ್ಮನೆಯವರಿಗೆ ವಿವರಿಸುವುದು ಮಾತ್ರ ನನ್ನ ಪಾಲಿಗೆ ಬಂತು.

ಇಷ್ಟಾದರೂ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳು ಉಳಿಯಿತು. ಅದಕ್ಕೆ ಮದ್ದು ಒಂದೇ ಜಾಗದ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸುವುದು. ನಕ್ಷತ್ರ ಪ್ರತಿ ಸಲವೂ ಅದೇ ಜಾಗಕ್ಕೆ ಬೀಳುತ್ತದೆ, ಕಾಳು ಮಾತ್ರ ಒಂದೊಂದು ಸಲ ಒಂದೊಂದು ಕಡೆ. ಹದಿನಾರು ಚಿತ್ರ ಕೂಡಿಸಿ ಸರಾಸರಿ ತೆಗೆದರೆ ಕಾಳು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ನಮ್ಮ ಆಕಾಶದಲ್ಲಿ ವಿಮಾನಗಳಿಗೆ ಬರವಿಲ್ಲ. ಅವು ಗೆರೆ ಎಳೆದ ಚಿತ್ರಗಳನ್ನು ಆರಿಸಿ ಬಿಸಾಡಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಮನೆಗೆ ಸೇರಿದ ನನ್ನ ತಂಗಿಗೆ ಇದನ್ನು ಹೇಳಿದರೆ, "ನಾವು ಮಾಡೋದೂ ಅದೇ ತಾನೆ" ಎಂದಳು. ಒಂದು ಗೂಡಿನ ಎಳೆ ಕಣ್ಣಿಗೇ ಕಾಣದಷ್ಟು ಸಣ್ಣದು. ಬಿಸಿನೀರಿನಲ್ಲಿ ತೇಲುವ ಏಳೆಂಟು ಗೂಡುಗಳ ಎಳೆ ಕೂಡಿದರೆ ಒಂದು ನೂಲು. ಗೌರಿಬಿದನೂರಿನ ಹತ್ತಿರ 1976ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ ರೇಡಿಯೋ ದೂರದರ್ಶಕದ್ದೂ ಇದಕ್ಕೆ ಹತ್ತಿರದ ಉಪಾಯವೇ. ಬಯಲಿನಲ್ಲಿ ಇಂಗ್ಲಿಷಿನ 'ಟಿ' ಅಕ್ಷರದಂತೆ ನೆಟ್ಟ ಸಾವಿರ ತಂತಿಜೋಡಿಗಳು. ಒಂದೊಂದೂ ಬಡವೇ, ಕೂಡಿಸಿದರೆ ಅದೇ ದೊಡ್ಡ ಕಣ್ಣು.

ಏಪ್ರಿಲ್ ಬಂತು. ಹಗಲೆಲ್ಲ ಕಾದ ತಾರಸಿಯ ಬಿಸಿ ಗಾಳಿಗೆ ನಕ್ಷತ್ರಗಳು ಕುದಿಯುವ ನೀರಿನ ತಳದ ಕಾಸಿನಂತೆ ಅಲುಗುತ್ತವೆಂದು ಹತ್ತೂವರೆಯವರೆಗೆ ಕಾದೆ. ಸಪ್ತರ್ಷಿಗಳ ಬಾಲದ ನಡುವಿನ ವಸಿಷ್ಠನನ್ನು ಹಿಡಿದೆ. ಪಕ್ಕದಲ್ಲಿ, ಸ್ವಲ್ಪ ದೂರದಲ್ಲಿ, ಮಂಕಾದ ಅರುಂಧತಿ. ನನಗೂ ಅದೇ ಮೊದಲು. ಒಂದು ನಿಮಿಷ ಸುಮ್ಮನೆ ನಿಂತೆ.

ಆದರೆ ಚಿತ್ರದಲ್ಲಿ ವಸಿಷ್ಠ ಉದ್ದವಾಗಿದ್ದ. ಹೆಚ್ಚು ಹೊತ್ತು ಬೆಳಕು ಬಿಟ್ಟು ಊದಿಸಿದ್ದೇನೆಂದು ಎರಡು ಸೆಕೆಂಡಿಗೆ ಇಳಿಸಿದೆ. ಈಗ ಇನ್ನೂ ಸ್ಪಷ್ಟವಾಗಿ ಕೆಟ್ಟಿತು: ವಸಿಷ್ಠನಿಗೆ ಅಂಟಿಕೊಂಡಂತೆ ಇನ್ನೊಂದು ಚುಕ್ಕೆ! ತಿರುಪು ಬಿಗಿಮಾಡಿದೆ. ಗಾಳಿಗೆ ಅಡ್ಡವಾಗಿ ಚಾಪೆ ಕಟ್ಟಿದೆ. ಯಾರೂ ತಾರಸಿ ಹತ್ತಕೂಡದೆಂದು ಆಜ್ಞೆ ಮಾಡಿದೆ. ಐದು ರಾತ್ರಿ ಕಳೆದರೂ ಚುಕ್ಕೆ ಕದಲಲಿಲ್ಲ. ಚಿಂತಾಮಣಿಗೆ ಹಿಂದಿರುಗುವ ಆತುರ ಅಮ್ಮನಿಗೆ. ಕಂಪ್ಯೂಟರಿನಲ್ಲಿ ಪಕ್ಕದ ಕಪ್ಪನ್ನು ತಂದು ಮೆತ್ತುವ ಒಂದು ಕುಂಚವಿದೆ. ಒಂದೇ ಸಲ ಒತ್ತಿದೆ. ಬೇಡದ ಚುಕ್ಕೆ ಮಾಯವಾಯಿತು.

ಅಮ್ಮ ಪರದೆಯ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದಳು. "ಇವನು ವಸಿಷ್ಠ. ಇವಳೇನಾ?" ಎಂದು ಬೆರಳಿಟ್ಟಳು. ಕನ್ನಡಕ ತೆಗೆದು ಒರೆಸಿಕೊಂಡಳು. ನೆಂಟರೆಲ್ಲ ಫೋನಿನಲ್ಲೇ ಭೇಷ್ ಎಂದರು.

ಆ ವಾರ ಶಿಡ್ಲಘಟ್ಟದ ತಂಗಿ ಬಂದಳು. ನನ್ನ ಪರದಾಟವನ್ನೆಲ್ಲ ಹೇಳಿ ಅಳಿಸದ ಚಿತ್ರವನ್ನು ತೋರಿಸಿದೆ. "ಇದು ಜೋಡಿಗೂಡು ಇದ್ದಂಗಿದೆ ಕಣೇ" ಎಂದಳು. ಕೆಲವು ಸಲ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಎಳೆ ಸಿಕ್ಕಾಗುವುದರಿಂದ ಅದನ್ನು ನಯವಾದ ನೂಲಿಗೆ ಹಾಕದೆ ಬೇರೆ ಇಡುತ್ತಾರೆ; ಗಂಟುಗಂಟಾದ ಡೂಪಿಯನ್ ರೇಷ್ಮೆ ಬರುವುದು ಅದರಿಂದಲೇ. "ಒಳಗೆ ಹುಳ ಎರಡಿದ್ರೆ ಗೂಡು ಹಂಗೇ ಆಗೋದು. ನಿನ್ನ ಯಂತ್ರದ್ದೇ ತಪ್ಪು ಅಂತ ಯಾಕಂದ್ಕೊಂಡೆ?"

ಅವಳು ಕಾಫಿ ಕುಡಿದು ಹೊರಟುಹೋದಳು. ನನಗೆ ನಿದ್ದೆ ಬರಲಿಲ್ಲ. ಎದ್ದು ಚಿತ್ರವನ್ನು ಮತ್ತೆ ನೋಡಿದೆ. ಪೀಠ ಅಲುಗಿದ್ದರೆ, ಗಾಳಿ ಬೀಸಿದ್ದರೆ, ಗಾಜು ಓರೆಯಾಗಿದ್ದರೆ ಎಲ್ಲ ನಕ್ಷತ್ರಗಳೂ ಜೋಡಿಯಾಗಬೇಕಿತ್ತು. ಅರುಂಧತಿ ಮಾತ್ರ ಅಲ್ಲೇ ಪಕ್ಕದಲ್ಲಿ ದುಂಡಗೆ, ಒಂಟಿಯಾಗಿ ನಿಂತಿದ್ದಳು! ಇಷ್ಟು ದಿನ ಅವಳ ಸಾಕ್ಷಿಯನ್ನು ನಾನು ಕೇಳಿರಲೇ ಇಲ್ಲ. ಮರುದಿನ ರಾತ್ರಿ ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿ ತೆಗೆದೆ. ದೋಷ ಕ್ಯಾಮೆರಾದ್ದಾದರೆ ಚಿತ್ರದ ಚೌಕಟ್ಟಿನಲ್ಲಿ ಅದೇ ದಿಕ್ಕಿಗೆ ಉಳಿಯಬೇಕು. ಆಕಾಶದ್ದಾದರೆ ಅರುಂಧತಿಯೊಂದಿಗೆ ತಿರುಗಬೇಕು. ಚುಕ್ಕೆ ಅರುಂಧತಿಯೊಂದಿಗೆ ತಿರುಗಿತು.

ಓದಿ ನೋಡಿದರೆ ಅದೇನು ಗುಟ್ಟಲ್ಲ. ವಸಿಷ್ಠ ಎರಡೆಂಬುದನ್ನು ಗೆಲಿಲಿಯೋ ಮತ್ತು ಅವನ ಶಿಷ್ಯ ಕಸ್ತೆಲ್ಲಿ 1617ರ ಹೊತ್ತಿಗೇ ಕಂಡಿದ್ದರು. 1857ರಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಾಜಿನ ಫಲಕದ ಮೇಲೆ ಚಿತ್ರಕ್ಕೆ ಸಿಕ್ಕ ಮೊದಲ ಜೋಡಿ ನಕ್ಷತ್ರವೂ ಇದೇ, ಅರುಂಧತಿಯೂ ಜೊತೆಗಿದ್ದಳು. 1889ರಲ್ಲಿ ಅಲ್ಲಿಯೇ ಎಡ್ವರ್ಡ್ ಪಿಕರಿಂಗ್, ಆ ಜೋಡಿಯಲ್ಲಿ ದೊಡ್ಡದರ ಬೆಳಕನ್ನು ಬಿಡಿಸಿ ತೆಗೆದ ಚಿತ್ರಗಳಲ್ಲಿ ಒಂದು ಗೆರೆ ಕೆಲವು ದಿನ ಒಂದಾಗಿ, ಕೆಲವು ದಿನ ಎರಡಾಗಿ ಕಾಣುವುದನ್ನು ಗಮನಿಸಿದ. ಫಲಕದ ದೋಷವೆಂದು ತಳ್ಳಿಹಾಕಲಿಲ್ಲ. ಅದೂ ಎರಡು ನಕ್ಷತ್ರವೆಂದು ಗೊತ್ತಾಯಿತು. ಆ ಕೆಲಸದಲ್ಲಿ ಜೊತೆಗಿದ್ದ ಆಂಟೋನಿಯಾ ಮೋರಿ ಎಂಬ ಹೆಣ್ಣುಮಗಳು ಅಂಥದ್ದೇ ಎರಡನೆಯ ಜೋಡಿಯನ್ನು ತಾನೇ ಕಂಡುಹಿಡಿದಳು. ಅವರ ಹತ್ತಿರವೂ ಕುಂಚವಿದ್ದಿದ್ದರೆ?

ಅಮ್ಮ ಹೊರಡುವ ಹಿಂದಿನ ರಾತ್ರಿ ಹೇಳಿದೆ. ಹೇಳುವುದು ಸುಲಭವಾಗಿರಲಿಲ್ಲ. ಅರುಂಧತಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಹೇಳಿದ ಸುಳ್ಳುಗಳಲ್ಲಿ ಇದು ಮೂರನೆಯದು, ಮೊದಲಿನ ಎರಡರಷ್ಟು ಮುಗ್ಧವೂ ಅಲ್ಲ. ಅಮ್ಮನಿಗೆ ಸಿಕ್ಕ ಅಷ್ಟು ದೊಡ್ಡ ಸಂತೋಷವನ್ನು ನಾನೇ ಕೆಡಿಸುತ್ತಿದ್ದೇನೇನೋ ಎಂಬ ಅಳುಕು ಬೇರೆ. ಅಳಿಸದ ಚಿತ್ರವನ್ನು ಮುಂದಿಟ್ಟೆ. ಆ ಬೆಳಕು ಸುಮಾರು 80 ವರ್ಷದ ಹಿಂದೆ, ಅವಳು ತೊಟ್ಟಿಲಲ್ಲಿದ್ದ ಕಾಲಕ್ಕೆ ಅಲ್ಲಿಂದ ಹೊರಟದ್ದೆಂದೂ ಹೇಳಿದೆ.

ಅಮ್ಮ ಮೂರು ಚುಕ್ಕೆಗಳ ಮೇಲೂ ಬೆರಳಾಡಿಸಿದಳು. "ಅಲ್ಲಿರೋರನ್ನ ಇಲ್ಲ ಅನ್ನಬಾರದು" ಎಂದಳು. ಆಮೇಲೆ, "ಇದನ್ನೇ ದೊಡ್ಡದು ಮಾಡಿಸಿಕೊಡು, ನಿಮ್ಮಪ್ಪನ ಫೋಟೋ ಪಕ್ಕ ಹಾಕ್ತೀನಿ" ಎಂದಳು.

ಪೇಟೆಯ ಸ್ಟುಡಿಯೋಗೆ ಹೋದೆ. ಅಲ್ಲಿದ್ದ ಹುಡುಗ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಉಪಕಾರ ಮಾಡುವ ದನಿಯಲ್ಲಿ, "ಮೇಡಂ, ಇಲ್ಲೊಂದು ಎಕ್ಸ್ಟ್ರಾ ಚುಕ್ಕೆ ಬಿದ್ದಿದೆ, ತೆಗೆದುಬಿಡಲಾ?" ಎಂದ.

"ಬೇಡಪ್ಪಾ, ಅದೂ ಇರಲಿ" ಎಂದೆ.